ಬೆಂಡಿಲ್ಲದ ದಾರಿ ದೂರವೇ?

ನಮ್ಮ ದೊಡ್ಡಪ್ಪನಿಗೆ ಕಿಲೋಮೀಟರುಗಳಲ್ಲಿ ನಂಬಿಕೆಯೇ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವನೇ! ಬೆಟ್ಟದ ಮೇಲಿನ ನಡುವಟ್ಟಂನಲ್ಲಿ ಹುಟ್ಟಿ, ಟೀ ತೋಟ ಮಾಡಿಕೊಂಡೇ ಮುದುಕರಾದ ಅವರಿಗೆ ದೂರವೆಂದರೆ ಘಾಟಿಯ ಹೇರ್‌ಪಿನ್ ಬೆಂಡು. ಬೆಂಡು ಹೆಚ್ಚಿದ್ದರೆ ದೂರ, ಇಲ್ಲದಿದ್ದರೆ ಹತ್ತಿರ. ಘಾಟಿಯ ಬುಡದ ಗೂಡಲೂರು ದೂರದೂರು, ಅಲ್ಲಿಗೆ ಇಳಿದ ಮೇಲೆ ನೇರ ದಾರಿಯ ತೆಪ್ಪಕಾಡು ಪಕ್ಕದ ಮನೆ! ಬಸ್ಸಿನಲ್ಲಿ ಲಿಂಬೆಹಣ್ಣು ಮೂಸುತ್ತಾ ಬೆಳೆದವರ ಭೂಗೋಳ ಇನ್ನು ಹೇಗಿದ್ದೀತು? ಅವರು ಹೋಗಿ ವರ್ಷಗಳಾದರೂ ಆ ಘಾಟಿ ಇಳಿಯುವಾಗ ನಾನು ಇಂದಿಗೂ ಬೆಂಡುಗಳನ್ನೇ ಎಣಿಸುತ್ತೇನೆ.

ಅವರ ಒಬ್ಬಳೇ ತಂಗಿ, ನನ್ನ ಸೋದರತ್ತೆ, ನರ್ಸಾಗಿ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಅಲ್ಲೇ ನೆಲೆಸಿದ್ದಳು. ಅವಳ ಗಂಡ ತೀರಿಕೊಂಡಾಗ ಇಲ್ಲಿಂದ ಯಾರಿಗೂ ಹೋಗಲಾಗಲಿಲ್ಲ. ಒಂದು ಸಾವಾದರೆ ಕೆಲಸ ಬಿಟ್ಟು ಇಡೀ ಹಟ್ಟಿಯೇ, ಊರಿಗೆ ಊರೇ, ನೆರೆಯುವ ಜನ ನಾವು. ತವರಿನವರೇ ಹೋಗದಿದ್ದರೆ ಹೇಗೆ? ದೊಡ್ಡಪ್ಪನಿಗೆ ಅನ್ನ ಇಳಿಯಲಿಲ್ಲ. ಪಾಸ್‌ಪೋರ್ಟು ಮಾಡಿಸಿದರು, ಜೊತೆಗೆ ನನ್ನನ್ನೂ ಹೊರಡಿಸಿದರು, ಟಿಕೆಟ್ಟು ಮಾತ್ರ ಸಿಡ್ನಿಗೆ ತೆಗೆಸಿದರು! ಅಲ್ಲಿ ನಮ್ಮ ಹಟ್ಟಿಯದೊಂದು ಕುಟುಂಬವಿತ್ತಲ್ಲ.

“ಅತ್ತೆ ಇರೋದು ದೇಶದ ಆ ತುದೀಲಿ ದೊಡ್ಡಪ್ಪಾ!”

“ಒಂದೇ ದೇಶ ತಾನೇ? ದಾರೀಲಿ ಬೆಂಡು ಎಷ್ಟು?”

“ಬೆಂಡೇ ಇಲ್ಲ, ಪೂರಾ ಬಯಲು.”

“ಮತ್ತೆ! ಬೆಂಡಿಲ್ಲದ್ದು ಒಂದು ದೂರವಾ? ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನದ ಊಟ ಅವಳ ಮನೇಲೇ!”

ಸಿಡ್ನಿಯಲ್ಲಿ ಮೊದಲ ಬೆಳಗು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ದೊಡ್ಡಪ್ಪನ ಮುಖ ಸಣ್ಣದಾಯಿತು. “ಎಲೆ ಕೀಳೋಕೆ ಹೋಗೋರಿಲ್ಲ, ಜೀಪಿನ ಸದ್ದಿಲ್ಲ. ಯಾರೋ ಹೋಗಿಬಿಟ್ಟಿದಾರೆ ಕಣಪ್ಪಾ.” ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಎದುರುಮನೆಯ ಬೆಲ್ ಒತ್ತಿ, ಬಾಗಿಲು ತೆರೆದ ದೊರೆಸಾನಿಯ ಮುಂದೆ ಕೈಮುಗಿದು ಕಣ್ಣೀರು ತುಂಬಿಕೊಂಡು ನಿಂತಿದ್ದರು! ಓಡಿಹೋಗಿ ಆಕೆಗೆ ವಿಷಯ ತಿಳಿಸಿದೆ. ಇಲ್ಲಿ ಎಲ್ಲರೂ ಕ್ಷೇಮ, ಇವತ್ತು ಭಾನುವಾರ ಅಷ್ಟೆ, ಎಂದು ಆಕೆ ನಕ್ಕಳು. ದೊಡ್ಡಪ್ಪ ನಂಬಬೇಕಲ್ಲ! “ಪಾಪ, ದುಃಖ ನುಂಗ್ಕೊಂಡು ನಗ್ತಾಳೆ” ಎಂದರು.

ಬಸ್ಸಿನ ಆಸೆ ಬಿಡಿಸಿ ಮತ್ತೆ ವಿಮಾನ ಹತ್ತಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಕೆಳಗೆ ಕೆಂಪು ಬಯಲು. ಎಷ್ಟು ಹೊತ್ತಾದರೂ ಮುಗಿಯದು. ದೊಡ್ಡಪ್ಪ ಕಿಟಕಿಗೆ ಹಣೆ ಹಚ್ಚಿ ಕುಳಿತವರು ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ.

“ಇಷ್ಟು ದೂರದಲ್ಲಿ ಒಬ್ಬಳೇ ಅತ್ತಳಾ ಅವಳು?” ಎಂದು ಕೇಳಿದರು.

ಪರ್ತ್ ನಿಲ್ದಾಣದಲ್ಲಿ ಅತ್ತೆ ಕಾಯುತ್ತಿದ್ದಳು. ಪ್ಯಾಂಟು ತೊಟ್ಟಿದ್ದಳು, ತಲೆ ಬೆಳ್ಳಗಾಗಿತ್ತು. “ಬರೋಕಾಗಲಿಲ್ಲಮ್ಮಾ” ಎಂದು ದೊಡ್ಡಪ್ಪ ಶುರುಮಾಡುವ ಮೊದಲೇ ಕೈಚೀಲ ನೆಲಕ್ಕಿಟ್ಟು, ನಮ್ಮ ಬೆಟ್ಟದಲ್ಲಿ ಕಿರಿಯರು ಹಿರಿಯರೆದುರು ಆಶೀರ್ವಾದಕ್ಕೆ ಬಾಗುವಂತೆ ತಲೆ ಬಾಗಿಸಿ ನಿಂತಳು. ದೊಡ್ಡಪ್ಪ ಆ ತಲೆಯ ಮೇಲೆ ಕೈಯಿಟ್ಟರು.

“ಈ ಊರಲ್ಲಿ ಯಾರ ಮುಂದೆ ತಲೆ ಬಗ್ಗಿಸ್ಲಿ ಅಣ್ಣಾ? ದೊಡ್ಡೋರು ಅಂತ ಯಾರಿದಾರೆ ನಂಗೆ?” ಎಂದಳು ಅತ್ತೆ, ತಲೆಯೆತ್ತದೆ.

ಜನ ಪೆಟ್ಟಿಗೆ ಎಳೆದುಕೊಂಡು ನಮ್ಮನ್ನು ಬಳಸಿ ಹೋಗುತ್ತಿದ್ದರು. ದೊಡ್ಡಪ್ಪ ಕೈ ತೆಗೆಯಲೇ ಇಲ್ಲ.