ಫೋನಿನಲ್ಲಿ ಬಂದ ಅತಿಥಿಗಳು

ಊರೂರು ಅಲೆದವಳು ನಾನು. ಇಸ್ತಾಂಬುಲ್‌ನಲ್ಲಿ ಪರ್ಸ್ ಕಳಕೊಂಡೆ, ಕೈರೋದಲ್ಲಿ ಟ್ಯಾಕ್ಸಿಯವನಿಗೆ ಮೂರು ಪಟ್ಟು ಕೊಟ್ಟೆ. ಆಗ ಮೋಸ ಹೋಗಬೇಕಾದರೆ ಅಷ್ಟು ದೂರ ಹೋಗಬೇಕಿತ್ತು. ಈಗ ಕೊಡಗಿನ ಕಕ್ಕಬೆಯಲ್ಲಿ ಐದು ಕೋಣೆಯ ಹೋಂಸ್ಟೇ ಇಟ್ಟುಕೊಂಡು ಕೂತಿದ್ದೇನೆ; ಮೋಸಗಾರರೇ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾರೆ. ಸುಖವಾಗಿದ್ದೇನೆ.

ಜಿಗಣೆ

ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಹಲಸಿನ ಮರದಡಿ ಮಾತ್ರ. ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಅಡುಗೆಯಾಕೆ ಅಲ್ಲಿ ನಿಂತು ನನ್ನ ಫೋನ್ ಎತ್ತಿದರು. ವಿಡಿಯೋದಲ್ಲಿ ಖಾಕಿ ತೊಟ್ಟವನೊಬ್ಬ.

"ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ. ಹೋಂಸ್ಟೇ ಖಾತೆಯ ನಂಬರ್ ಹೇಳುವ ತನಕ ನಿಂತಲ್ಲಿಂದ ಕದಲಬಾರದು!"

"ಕಾಲಿಗೆ ಜಿಗಣೆ ಹತ್ತುತ್ತಾ ಉಂಟು, ಸಾರ್."

"ಕದಲಬೇಡಿ ಅಂದೆ!"

ಅವರು ಕ್ಯಾಮೆರಾವನ್ನು ಕಾಲಿನತ್ತ ತಿರುಗಿಸಿದರು. "ಹಾಗಾದ್ರೆ ಮೊದಲು ಇದನ್ನ ಅರೆಸ್ಟ್ ಮಾಡಿ. ನಿಮಗಿಂತ ಮುಂಚೆ ಬಂದು ಕುಡೀಲಿಕ್ಕೆ ಶುರು ಮಾಡಿದೆ."

ಮೇಜರ್ ಸಾಹೇಬ

ಮುಂದಿನ ತಿಂಗಳು ಫೋನಿನಲ್ಲಿ ಒಬ್ಬ 'ಮೇಜರ್' ಬಂದ. ಹತ್ತು ಜವಾನರಿಗೆ ಕೋಣೆ ಬೇಕಂತೆ. ಅಡ್ವಾನ್ಸ್ ಕಳಿಸುತ್ತಾನಂತೆ, ಅದಕ್ಕೆ ನಾನು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಂತೆ. ದುಡ್ಡು ಬರುವುದಕ್ಕೆ ಪಿನ್ ಯಾಕಪ್ಪ?

ಆದರೆ ಪಾಪ, ಕೊಡಗಿಗೆ ಫೋನ್ ಮಾಡಿ ಮಿಲಿಟರಿಯವನು ಅನ್ನಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಬೇಲಿಗೊಬ್ಬರು ರಿಟೈರ್ಡ್. ಕಾಫಿ ಕುಡಿಯಲು ಬಂದಿದ್ದ ಪಕ್ಕದ ತೋಟದ ಸುಬೇದಾರ್ ಮಾವನನ್ನು ಹಲಸಿನ ಮರದಡಿಗೆ ಕರೆದು ಕೈಗೆ ಫೋನ್ ಕೊಟ್ಟೆ.

"ಯಾವ ರೆಜಿಮೆಂಟ್? ಸಿ.ಓ. ಯಾರು? ಮೇಜರ್ ಆಗಿ ಇಷ್ಟು ಮೆತ್ತಗೆ ಮಾತಾಡೋದಾ? ಎದ್ದು ನಿಂತು ಮಾತಾಡು!"

ಆ ಕಡೆಯಿಂದ "ಜೀ ಸರ್, ಜೀ ಸರ್" ಅಂತ ಕೇಳತೊಡಗಿತು. ಇಪ್ಪತ್ತು ನಿಮಿಷದ ಮೇಲೆ ಮಾವ ಫೋನ್ ವಾಪಸ್ ಕೊಟ್ಟರು.

"ಹುಡುಗ ಹೇಳಿದ್ದು ಕೇಳ್ತಾನೆ. ಮುಂದಿನ ಸೇನಾ ಭರ್ತಿಗೆ ಬಾ ಅಂದಿದ್ದೇನೆ."

ಇನ್ನೊಬ್ಬ ಓನರಮ್ಮ

ಇದು ಮಾತ್ರ ನಗುವ ಸಂಗತಿಯಾಗಿರಲಿಲ್ಲ. ಮೈಸೂರಿನ ಒಂದು ಕುಟುಂಬ ಪೆಟ್ಟಿಗೆ ಸಮೇತ ಗೇಟಿನಲ್ಲಿ ನಿಂತಿತ್ತು. ಅವರು ಬುಕ್ ಮಾಡಿದ್ದ ಪುಟದಲ್ಲಿ ನಮ್ಮ ಹೋಂಸ್ಟೇ ಹೆಸರು, ನಮ್ಮ ಫೋಟೋ, ನಂಬರ್ ಮಾತ್ರ ಬೇರೆ. ಯಾರೋ ನಕಲಿ ಪುಟ ಮಾಡಿ ಅಡ್ವಾನ್ಸ್ ಹೊಡೆದಿದ್ದರು. ಆ ಕುಟುಂಬಕ್ಕೆ ಕೋಣೆ ಕೊಟ್ಟೆ. ಆದರೆ ಹೀಗೇ ನಾಲ್ಕು ಜನ ಬಂದು ಬೈದು ಹೋದರೆ ಕಷ್ಟಪಟ್ಟು ಗಳಿಸಿದ ಹೆಸರು ಮಣ್ಣುಪಾಲು.

ಕಾಗದಪತ್ರ ಹೊತ್ತು, ಸಾಕ್ಷಿಗೆ ಅಡುಗೆಯಾಕೆಯನ್ನೂ ಕರಕೊಂಡು ಪೊಲೀಸರಲ್ಲಿಗೆ ಹೋದೆ. ಅಧಿಕಾರಿ ಗಿರಾಕಿಯ ಹಾಗೆ ಆ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಓನರ್ ಹೇಗೆ?"

"ತುಂಬಾ ಶಾಂತ ಸ್ವಭಾವ, ಸಾರ್," ಕಳ್ಳ ಜೇನು ಸುರಿಸಿದ. "ವರ್ಷವಿಡೀ ಮನೆ ಬಿಟ್ಟು ಕದಲೋದಿಲ್ಲ. ಪಂದಿ ಕರಿ, ಅಕ್ಕಿ ತರಿಯ ಕಡಂಬುಟ್ಟು ಎಲ್ಲ ಅವರೇ ಕೈಯಾರೆ ಮಾಡ್ತಾರೆ."

ಅಧಿಕಾರಿ ಫೋನ್ ಇಟ್ಟು ನನ್ನತ್ತ ನೋಡಿದರು. "ಅಸಲಿ ಓನರ್ ನೀವೇ ಅನ್ನೋದಕ್ಕೆ ಏನೇನು ದಾಖಲೆ ಇದೆ, ಮೇಡಂ?"

ನಾನು ಫೈಲ್ ಬಿಚ್ಚುವಷ್ಟರಲ್ಲಿ ಅಡುಗೆಯಾಕೆ ಮುಂದೆ ಬಂದರು. ಮುಖ ಕೆಂಪಾಗಿತ್ತು.

"ದಾಖಲೆ ಎಂಥಕ್ಕೆ ಸಾರ್? ಇವರು ಶಾಂತ ಅಲ್ಲ. ಮನೇಲಿ ಇರೋದೇ ಇಲ್ಲ. ಕಡಂಬುಟ್ಟು ಇವರು ಮಾಡಿದ್ದು ಒಂದೇ ಸಲ, ಅದನ್ನ ನಾಯಿಯೂ ಮೂಸಲಿಲ್ಲ. ಇವರೇ ಅಸಲಿ, ಬರ್ಕೊಳ್ಳಿ!"

ಅಧಿಕಾರಿ ಬರೆದುಕೊಂಡರು. ಫೈಲ್ ಕೇಳಲೇ ಇಲ್ಲ.