ಅತ್ತೆ ಓದಿದ ಒಂದೇ ಪುಸ್ತಕ

ನಮ್ಮ ಅತ್ತೆಗೆ ಓದು ಬರಹ ಬರುವುದಿಲ್ಲ. ಆದರೂ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಸೇರಿಸಿ, ಒಂದು ಪುಸ್ತಕವನ್ನು ಅವರಷ್ಟು ಚೆನ್ನಾಗಿ ಓದಿಕೊಂಡವರು ಇನ್ನೊಬ್ಬರಿದ್ದರೆ ತೋರಿಸಿ, ನನ್ನ ಮದುವೆಯ ರೇಷ್ಮೆ ಸೀರೆ ಅವರಿಗೆ! ಸೀರೆ ಬೀರುವಿನಿಂದ ಆಚೆ ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಹೇಳುತ್ತಿದ್ದೇನೆ.

ಪುಸ್ತಕದ ಮಾತು ಆಮೇಲೆ, ಮೊದಲು ಅತ್ತೆ. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆ. ನಡುಮನೆಯಲ್ಲಿ ಮಗ್ಗ, ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ನಾವು. ನೇಯುವವರು ನಮ್ಮ ಯಜಮಾನರು. ಆದರೆ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಬಂದಾಗ ಅದನ್ನು ಕೆಚ್ಚುವವರು ಅತ್ತೆ. ಕೆಚ್ಚುವುದೆಂದರೆ ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿಯನ್ನು ಒಂದೊಂದಾಗಿ ಹೊಸೆದು ಕೂಡಿಸುವುದು. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹೊಸೆತ, ಅಷ್ಟೆ. ಅಂಥವು ಸಾವಿರಾರು. ಒಂದು ಎಳೆ ಬಿಟ್ಟುಹೋದರೂ ಸೀರೆಯ ಉದ್ದಕ್ಕೂ ಗೀಟು. ಅತ್ತೆ ಈ ಕೆಲಸವನ್ನು ಕಿಟಕಿಯಾಚೆ ನಿಂತ ಯಾರ ಜೊತೆಗಾದರೂ ಜಗಳ ಆಡುತ್ತಲೇ ಮಾಡುತ್ತಿದ್ದರು. ಜಗಳದಲ್ಲಿ ಸೋತದ್ದೂ ಇಲ್ಲ, ಎಳೆ ಬಿಟ್ಟದ್ದೂ ಇಲ್ಲ.

ಇಂಥ ಮನೆಗೆ ನಾನು ಸೊಸೆಯಾಗಿ ಬಂದೆ. ಸಿಸ್ಟರುಗಳ ಸ್ಕೂಲಿನಲ್ಲಿ ಕಲಿತವಳು. ಪ್ಲೀಸ್, ಥ್ಯಾಂಕ್ಯೂ ಇಲ್ಲದೆ ಒಂದು ಲೋಟ ನೀರೂ ಕುಡಿದವಳಲ್ಲ. ಮೊದಲ ವಾರವೇ ಅತ್ತೆಯಿಂದ ನಾಮಕರಣ ಆಗಿಹೋಯಿತು.

"ಕಾನ್ವೆಂಟಮ್ಮ, ಸಾರಿಗೆ ಉಪ್ಪು ಆಕಿದ್ದೀಯೋ, ಇಲ್ಲ ಅದ್ಕೂ ಯಾರ್ದಾರ ಪರ್ಮಿಷನ್ ಬೇಕೋ?"

ಬೀದಿಯವರೆಲ್ಲ ಹಾಗೇ ಕರೆಯತೊಡಗಿದರು. ಇಪ್ಪತ್ತು ವರ್ಷ ನಾನು ಆ ಹೆಸರನ್ನು ಒಳಗೊಳಗೇ ದ್ವೇಷಿಸಿದೆ, ಬಹಳ ವಿನಯದಿಂದ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆಯ ಬಲಗೈಯಿಂದ ಕಾಫಿ ಲೋಟ ಜಾರಿತು. ಲೋಟದ್ದೇ ತಪ್ಪು ಎನ್ನುವಂತೆ ಅವರು ಅದನ್ನು ದುರುಗುಟ್ಟಿ ನೋಡಿದರು. ಬಾಯಿ ಒಂದು ಕಡೆಗೆ ಇಳಿದಿತ್ತು. ಏನಾಯಿತೆಂದು ಕೇಳಿದರೆ ಬಂದ ಉತ್ತರ ಯಾವ ಭಾಷೆಯದೂ ಅಲ್ಲ. ಎಣ್ಣೆ ಉಜ್ಜಿ ಸ್ವಲ್ಪ ಮಲಗಿಸಿದರೆ ಸರಿಹೋಗುತ್ತದೆ ಎಂದರು ಯಜಮಾನರು. ಆಗ ನಾನು ಕೂಗಿದೆ ನೋಡಿ! ಪ್ಲೀಸ್ ಇಲ್ಲ, ಥ್ಯಾಂಕ್ಯೂ ಇಲ್ಲ. ಕೂಗಿಗೆ ಪಕ್ಕದ ಮನೆಯವರ ಕಾರು ಬಂತು, ಕಾರು ನೇರ ಮೈಸೂರಿನ ಆಸ್ಪತ್ರೆಗೆ ಹೋಯಿತು. ಲಕ್ವ ಹೊಡೆದಿದೆ, ತಡಮಾಡದೆ ತಂದಿರಿ, ಅದೇ ಒಳ್ಳೆಯದಾಯಿತು ಎಂದರು ಡಾಕ್ಟರು. ಬೀದಿಯವರು ಇಂದಿಗೂ ಎರಡನ್ನೂ ಒಟ್ಟಿಗೇ ನೆನೆಯುತ್ತಾರೆ: ಅತ್ತೆಗೆ ಲಕ್ವ ಹೊಡೆದದ್ದು, ಸೊಸೆ ಬಾಯಿ ಬಿಟ್ಟದ್ದು.

ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿ ಹೋಗಿರಲಿಲ್ಲ. ಮಾತು ಬೇರೆ, ಬುದ್ಧಿ ಬೇರೆ ಎಂದು ನೋಡಲು ಬಂದವರಿಗೆಲ್ಲ ತಿಳಿಹೇಳುವುದೇ ನನಗೊಂದು ಉದ್ಯೋಗವಾಯಿತು. ಅವರು ಅತ್ತೆಯ ಕಿವಿಯ ಹತ್ತಿರ ಬಾಗಿ, ಕಿವುಡರ ಜೊತೆ ಮಾತಾಡುವಂತೆ ಕಿರುಚುತ್ತಿದ್ದರು. ಅತ್ತೆ ಕಣ್ಣಲ್ಲೇ ಅವರನ್ನು ಸುಡುತ್ತಿದ್ದರು. ಹನೂರು ಕಡೆಯ ನೆಂಟರೊಬ್ಬರು ಪಾರಿವಾಳದ ರಕ್ತ ಹಚ್ಚಿದರೆ ಕೈ ಎದ್ದುಬಿಡುತ್ತದೆ ಎಂದು ಬುಟ್ಟಿಯಲ್ಲಿ ಜೀವಂತ ಪಾರಿವಾಳವನ್ನೇ ತಂದರು. ಅತ್ತೆ ಎಡಗೈಯಿಂದ ಬುಟ್ಟಿಯ ಮುಚ್ಚಳ ತೆಗೆದರು. ಪಾರಿವಾಳ ಹಾರಿ ಅಟ್ಟ ಸೇರಿತು. ಈಗಲೂ ಅಲ್ಲೇ ಇದೆ, ನಮ್ಮ ಮನೆಯಲ್ಲಿ ಯಾರಿಗೂ ಹೆದರದ ಎರಡನೆಯ ಪ್ರಾಣಿ ಅದು.

ಹೌದು ಎನ್ನಲು ಹೋದರೆ ಇಲ್ಲ ಎಂದು ಬರುತ್ತಿತ್ತು. ಕಾಫಿ ಬೇಕಾ ಎಂದರೆ "ಇಲ್ಲ" ಎನ್ನುತ್ತ ಲೋಟಕ್ಕೆ ಕೈ ಚಾಚುತ್ತಿದ್ದರು. ನನ್ನ ಹೆಸರು ಹೋಗಿತ್ತು. ಕಾನ್ವೆಂಟಮ್ಮ ಎಂಬುದೂ ಹೋಗಿತ್ತು. ನನ್ನನ್ನು ಕರೆಯಲು ಮಂಚದ ಪಟ್ಟಿಯನ್ನು ತಟ್ಟುತ್ತಿದ್ದರು. ಆಮೇಲೆ ಕಷ್ಟಪಟ್ಟು "ಇವ್ಳೇ" ಎಂಬಷ್ಟಕ್ಕೆ ಬಂದರು.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನವೇ, ಮಗ್ಗದ ಕಡೆ ಎಡಗೈ ತೋರಿಸಿ, ಆಮೇಲೆ ಸತ್ತಂತೆ ಮಲಗಿದ್ದ ಬಲಗೈಯನ್ನು ತೋರಿಸಿ, ನನ್ನ ಮುಖ ನೋಡಿದರು. ಅರ್ಥವಾಗದೇ ಇರುತ್ತದೆಯೇ? ಈ ಕೈ ಮತ್ತೆ ಕೆಚ್ಚುತ್ತದೆಯೇ ಇಲ್ಲವೇ, ಅಷ್ಟನ್ನು ಹೇಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಪುಸ್ತಕ ನೋಡಬೇಕು ಎಂದಷ್ಟೇ ಸಿಸ್ಟರುಗಳು ನನಗೆ ಕಲಿಸಿದ್ದು.

ಪುಸ್ತಕ ಇತ್ತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಟ್ಟದ್ದು, ಇಂಗ್ಲಿಷಿನದು. ಲಕ್ವ ಹೊಡೆದವರಿಗೆ ಒಂದು ಭಾಗ, ಅವರನ್ನು ನೋಡಿಕೊಳ್ಳುವವರಿಗೆ ಒಂದು ಭಾಗ. ಮಧ್ಯಾಹ್ನ ಮಗ್ಗ ಊಟಕ್ಕೆ ನಿಂತಾಗ ನಾನು ಅದನ್ನು ಕನ್ನಡ ಮಾಡಿ ಓದುತ್ತಿದ್ದೆ. ಅತ್ತೆ ಕೇಳುತ್ತಿದ್ದರು, ಹೊಸ ಸೊಸೆಯ ಅಡುಗೆ ರುಚಿ ನೋಡುವ ಮುಖ ಮಾಡಿಕೊಂಡು. ನೀರು ಕುಡಿಯುವಾಗ ನೆಟ್ಟಗೆ ಕೂರಬೇಕು, ಗದ್ದ ತಗ್ಗಿಸಬೇಕು, ಗುಟುಕು ಸಣ್ಣದಿರಬೇಕು, ಒಪ್ಪಿಗೆ. ಸತ್ತ ಕೈಯನ್ನು ಹಿಡಿದು ಎಳೆಯಬಾರದು, ದಿಂಬಿನ ಮೇಲೆ ಇಡಬೇಕು, ಒಪ್ಪಿಗೆ. ಉಪ್ಪು ಕಡಿಮೆ, ಉಪ್ಪಿನಕಾಯಿ ಬಂದ್. ಅತ್ತೆ ತಕ್ಷಣ ಅಟ್ಟದ ಪಾರಿವಾಳ ನೋಡತೊಡಗುತ್ತಿದ್ದರು. ಆ ಪುಟ ಬಂದಾಗಲೆಲ್ಲ ಪಾರಿವಾಳದ ಮೇಲೆ ಅಷ್ಟು ಮಮತೆ!

ಮೆತ್ತನೆಯ ಚೆಂಡು ಹಿಸುಕಬೇಕು ಎಂದಿತ್ತು. ಯಜಮಾನರು ಪೇಟೆಯಿಂದ ಹಳದಿ ಚೆಂಡು ತಂದರು. ಅದು ಅರ್ಧ ಗಂಟೆಯಲ್ಲಿ ಬಚ್ಚಲ ಮೋರಿ ಸೇರಿತು. ಅತ್ತೆ ನನ್ನ ಸೆರಗಿನ ದಾರ ಹಿಡಿದು ತೋರಿಸಿದರು. ಚೆಂಡಲ್ಲ, ಎಳೆ ಬೇಕು. ಸರಿ, ಹಳೆಯ ಹಾಸಿನ ತುಂಡೊಂದನ್ನು ಕಿಟಕಿಯ ಸರಳಿಗೆ ಕಟ್ಟಿಕೊಟ್ಟೆವು.

ಮಾತಿನ ಪಾಠದಲ್ಲಿ, ಎಣಿಸಿ ನೋಡಿ, ಮಾತು ಬಾರದವರಿಗೂ ಎಷ್ಟೋ ಸಲ ಎಣಿಕೆ ಬರುತ್ತದೆ ಎಂದಿತ್ತು. ನಾನು ಒಂದು ಎಂದೆ. ಅತ್ತೆ ಎರಡು ಎಂದರು, ಮೂರು ಎಂದರು, ಹಾಗೇ ನೂರರವರೆಗೂ ಹೋದರು! ಜೀವಮಾನವೆಲ್ಲ ಎಳೆ ಎಣಿಸಿದ ನಾಲಿಗೆ ಅದು. ಆದರೆ ನಾಲ್ಕು ಎಂಬುದೊಂದನ್ನೇ ಹೇಳಬೇಕಾದರೆ ಒಂದರಿಂದಲೇ ಹೊರಡಬೇಕಿತ್ತು. ಎರಡು ಇಡ್ಲಿ ಬೇಕಾದರೆ "ಒಂದು, ಎರಡು" ಎಂದು ನಿಲ್ಲಿಸಿದರೆ ಸಾಕು. ವಯಸ್ಸೆಷ್ಟು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಮಾತ್ರ ಸಾಲಿನಲ್ಲಿ ಹಿಂದೆ ನಿಂತವರು ಬಹಳ ಹೊತ್ತು ಕಾಯಬೇಕಾಯಿತು.

ಆರು ತಿಂಗಳು ಕಳೆದ ಮೇಲೆ ಬೆರಳು ಮಿಸುಕಿತು. ವರ್ಷಕ್ಕೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಮಗ್ಗಕ್ಕೆ ಹೊಸ ಹಾಸು ಬಂದಾಗ ಅತ್ತೆ ಹೋಗಿ ಕೂತೇ ಬಿಟ್ಟರು. ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಎಳೆ. ಯಜಮಾನರು ಸಂಜೆ ಹೋಗಿ ಮೆಲ್ಲನೆ ಜಗ್ಗಿ ನೋಡಿದರು. ಇಪ್ಪತ್ತೂ ಕೈಗೆ ಬಂದವು. ತಾಯಿಯ ಮುಖ ಸಪ್ಪಗಾಗುವುದನ್ನು ನೋಡಲಾರದೆ ಎಲ್ಲವನ್ನೂ ತಾವೇ ಕೆಚ್ಚಿಟ್ಟು, ಯಾರಿಗೂ ಹೇಳಬೇಡ ಎಂದು ನನಗೆ ಸನ್ನೆ ಮಾಡಿದರು.

ಮಾರನೆಯ ದಿನ ಅತ್ತೆ ಕೂತು ಎಡಗೈ ಬೆರಳಿನಿಂದ ಒಂದೊಂದೇ ಹೊಸೆತವನ್ನು ಸವರಿದರು. ಯಾರು ಹೊಸೆದದ್ದೆಂದು ನಮಗೆ ಕೈಬರಹ ನೋಡಿದಂತೆ ಅವರಿಗೆ ತಿಳಿಯುತ್ತದೆಂದು ನಾವು ಮರೆತಿದ್ದೆವು. ಅವರ ಹೊಸೆತ ಆಚೆಗೆ ತಿರುಗುತ್ತದೆ, ಮಗನದು ಒಳಕ್ಕೆ.

"ನಿಂದು," ಎಂದರು ಮಗನಿಗೆ. ಇಪ್ಪತ್ತನ್ನೂ ಕಿತ್ತರು. "ಇವ್ಳೇ. ಪುಸ್ಕ."

ಯಾವ ಪುಟವೆಂದು ನನಗೆ ಹೇಳಬೇಕಾಗಿರಲಿಲ್ಲ. ಅವರು ತಾವೇ ಮಾಡಬಲ್ಲದ್ದನ್ನು ನೀವು ಮಾಡಿಕೊಡಬೇಡಿ, ನಿಧಾನವಾದರೂ ಕೆಟ್ಟರೂ ಅವರೇ ಮಾಡಲಿ ಎಂಬ ಪುಟ. ಐವತ್ತು ಹತ್ತಿರವಾದ ನನ್ನ ಯಜಮಾನರು ಕೈಕಟ್ಟಿ ನಿಂತು ಕೇಳಿಸಿಕೊಂಡರು. ಎರಡು ಸಲ ಓದಿಸಿದರು ಅತ್ತೆ!

ಸುದ್ದಿ ಹಬ್ಬಿತು. ನಮ್ಮವರಿಗೂ ಹೀಗಾಗಿದೆ, ಆ ಪುಸ್ತಕ ಕೊಡಿ ಎಂದು ಜನ ಬರತೊಡಗಿದರು. ಇಂಗ್ಲಿಷಿನದು ಕೊಟ್ಟು ಏನು ಮಾಡುವುದು? ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಅರ್ಧ ಬಿಟ್ಟರೆ ಸಿಸ್ಟರು ಕೆಂಪು ಇಂಕಿನಲ್ಲಿ ಬರೆಯುತ್ತಾರೆಂಬ ಭಯ ಇನ್ನೂ ಹೋಗಿಲ್ಲ, ಹಾಗಾಗಿ ನೋಡಿಕೊಳ್ಳುವವರ ಭಾಗವನ್ನೂ ಬರೆದೆ. ಅತ್ತೆ ನೋಟ್‌ಬುಕ್ಕನ್ನು ಯಾರಿಗೂ ಕೊಡಲಿಲ್ಲ. ಚೀಲಕ್ಕೆ ಹಾಕಿಕೊಂಡು ನನ್ನನ್ನೂ ಹೊರಡಿಸಿದರು. ಬಸ್ಸಿನಲ್ಲಿ ಅವರು ಕೂತಿರುವುದನ್ನು ನೀವು ನೋಡಬೇಕು: ಬಲಗೈಯನ್ನು ಪುಟ್ಟ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಮುಖದಲ್ಲಿ ಸ್ಕೂಲ್ ಇನ್ಸ್‌ಪೆಕ್ಟರರ ಗಾಂಭೀರ್ಯ.

ಹನೂರಿನಲ್ಲಿ ಒಬ್ಬರು ಕಾಳಿನ ವ್ಯಾಪಾರಿ. ಲಕ್ವ ಹೊಡೆದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು ಮೂರು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ನಾನು ಓದಿದೆ, ಅವರು ತಿರುಗಲಿಲ್ಲ. ಅತ್ತೆ ಅವರ ಬೆನ್ನಿಗೆ ಎಣಿಸತೊಡಗಿದರು.

"ಒಂದು, ಎರಡು, ಮೂರು, ಆರು."

ಗೋಡೆಯ ಕಡೆಯಿಂದ ದನಿ ಬಂತು. "ನಾಲ್ಕು."

ಮೂಟೆ ಎಣಿಸಿ ಬದುಕಿದ ಮನುಷ್ಯ, ಲೆಕ್ಕ ತಪ್ಪಿದರೆ ಸುಮ್ಮನಿರುತ್ತಾರೆಯೇ? ಅವರ ಹೆಂಡತಿ ಕೈಯಲ್ಲಿದ್ದ ಸೌಟನ್ನು ಹಾಗೇ ನೆಲದ ಮೇಲೆ ಇಟ್ಟು ಕೂತುಬಿಟ್ಟರು. ಬೇಕೆಂದೇ ಬಿಟ್ಟಿರಾ ಅತ್ತೆ ಎಂದು ಬಸ್ಸಿನಲ್ಲಿ ಕೇಳಿದೆ. ಕಿಟಕಿಯಾಚೆ ಬಹಳ ಆಸಕ್ತಿಯಿಂದ ಏನನ್ನೋ ನೋಡುತ್ತಿದ್ದರು.

ಕಳೆದ ತಿಂಗಳು ಯಳಂದೂರಿನ ಆಚೆ ಅಗರಕ್ಕೆ ಹೋದೆವು. ಬೇಸಾಯದ ಮನೆ. ಮಾವನವರಿಗೆ ಲಕ್ವ, ನೋಡಿಕೊಳ್ಳುವವಳು ಸೊಸೆ. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ನಾವು ಕೂತಷ್ಟು ಹೊತ್ತೂ ಅವಳು ಕೂರಲಿಲ್ಲ. ನಾನು ಎಂದಿನಂತೆ ಓದಿ, ಎಂದಿನಂತೆ ಹಾಳೆ ತಿರುಗಿಸಿದೆ. ಅತ್ತೆ ಎಡಗೈಯನ್ನು ಪುಸ್ತಕದ ಮೇಲಿಟ್ಟರು.

"ಬಿಟ್ಟೆ," ಎಂದರು.

ಏನೂ ಬಿಟ್ಟಿಲ್ಲವಲ್ಲ ಅತ್ತೆ ಎಂದೆ.

"ಒಂದು, ಎರಡು. ಎರಡು ಆಳೆ. ಯಾವಾಗ್ಲೂ ಬಿಡ್ತೀಯ." ಉಸಿರು ತೆಗೆದುಕೊಂಡರು. "ಎಳೆ ಬಿಟ್ರೆ… ಗೀಟು. ಓದು."

ಓದು ಬಾರದ ಈ ಹೆಂಗಸು ಎರಡು ವರ್ಷದಿಂದ ಹಾಳೆಯ ಸದ್ದು ಎಣಿಸುತ್ತ ಕೂತಿದ್ದರು! ಎರಡು ಹಾಳೆ ಒಟ್ಟಿಗೆ ತಿರುಗಿದರೆ ಸದ್ದು ದಪ್ಪ ಎಂದು ನನಗೇ ಗೊತ್ತಿರಲಿಲ್ಲ.

ಅವು ನೋಡಿಕೊಳ್ಳುವವರ ಭಾಗದಲ್ಲಿ ಅವರ ಬಗ್ಗೆಯೇ ಇದ್ದ ಎರಡು ಹಾಳೆ. ಓದಿದೆ. ನಿಮಗೂ ಸುಸ್ತಾಗುತ್ತದೆ. ಸಿಟ್ಟು ಬರುವುದು ತಪ್ಪಲ್ಲ. ಒಬ್ಬರೇ ಅಳುತ್ತಿದ್ದರೆ ಯಾರಿಗಾದರೂ ಹೇಳಿ. ದಿನಕ್ಕೆ ಒಂದು ಗಂಟೆಯಾದರೂ ನಿಮ್ಮದಾಗಿರಲಿ, ಆ ಹೊತ್ತು ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ. ಅಗರದ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೊನೆಗೂ ಕೂತಳು. ಇದನ್ನು ಅತ್ತೆಯ ಎದುರು ಓದಿದರೆ ನೀವು ನನಗೆ ಭಾರ ಎಂದಂತೆ ಅಲ್ಲವೇ ಎಂದು ನಾನು ಬಿಡುತ್ತ ಬಂದಿದ್ದೆ. ಅವರು ಮಾತ್ರ ಎಳೆ ಎಣಿಸುವಾಗಿನ ಮುಖದಲ್ಲೇ ಕೊನೆಯ ಸಾಲಿನವರೆಗೂ ಕೇಳಿದರು.

ಮಾರನೆಯ ಮಧ್ಯಾಹ್ನ ನಾನು ಪುಸ್ತಕ ತೆಗೆದರೆ ಕಿತ್ತುಕೊಂಡರು. ಮಗ್ಗದ ಪಕ್ಕ ಚಾಪೆ ಹಾಸಿತ್ತು. ಅತ್ತ ಬೆರಳು ತೋರಿಸಿ, ತಾವು ಮಗ್ಗದ ಹತ್ತಿರ ಕೂತರು. ಹೊಸ ಹಾಸು ಬಂದಿತ್ತು. ನಾನು ಸುಮ್ಮನೆ ಒರಗಿದೆ, ಅವರ ಸಮಾಧಾನಕ್ಕೆ. ಎಣಿಕೆ ಕಿವಿಗೆ ಬೀಳುತ್ತಿತ್ತು. ಹನ್ನೊಂದರವರೆಗೆ ಕೇಳಿದ ನೆನಪು.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಹೋಗಿತ್ತು. ಬಾಗಿಲಲ್ಲಿ ಯಜಮಾನರು, ಪಕ್ಕದ ಗೂಡಿನಲ್ಲಿ ಅವರೇ ಮಾಡಿದ ಕಾಫಿ. ಎಳೆ ಮುಟ್ಟಿಲ್ಲ ಎಂದು ಸಾಕ್ಷಿ ಹೇಳುವವರಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ್ದರು. ನಾನು ಕೈ ಚಾಚಿ ಹಾಸನ್ನು ಮೆಲ್ಲನೆ ಜಗ್ಗಿದೆ. ಒಂದೂ ಬಿಡಲಿಲ್ಲ. ಇನ್ನೊಂದು ಸಲ ಜಗ್ಗಿದೆ. ಹೊಸೆತಗಳೆಲ್ಲ ಆಚೆಗೆ ತಿರುಗಿದ್ದವು.

ನಾನು ಗಡಿಬಿಡಿಯಿಂದ ಏಳಹೊರಟೆ. ಬೂದಿ ಮೆತ್ತಿದ ಬಲಗೈ ನಿಧಾನವಾಗಿ, ಸ್ವಲ್ಪ ನಡುಗುತ್ತ ಬಂದು ನನ್ನ ಭುಜದ ಮೇಲೆ ಕೂತು, ಕೆಳಕ್ಕೆ ಒತ್ತಿತು. ಎಣಿಕೆ ನಿಂತಿತು. ಅತ್ತೆ ನನ್ನ ಮುಖವನ್ನೇ ನೋಡಿದರು. ತುಟಿ ಎರಡು ಸಲ ಪ್ರಯತ್ನಪಟ್ಟು ಬಿಟ್ಟಿತು. ಮೂರನೆಯ ಸಲ ಬಂತು.

"ಮನಿಕ್ಕೊ, ಕಾನ್ವೆಂಟಮ್ಮ. ಇನ್ನೂ ಎಳೆ ಅವೆ."