ಮಾವನ ಮೂರು ದಿನದ ಪಥ್ಯ

ನಮ್ಮ ಸೋದರಮಾವನಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡುವವರು ಇಡೀ ತುರ್ವಿಹಾಳದಲ್ಲಿ ಇನ್ನೊಬ್ಬರಿಲ್ಲ. ಮೂರು ತಿಂಗಳಿಗೊಮ್ಮೆ, ಮೂರು ದಿನ!

ಸಿಂಧನೂರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು ಅವರ ಮನೆಯಲ್ಲೇ ಇರುವುದರಿಂದ ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಮಾವನಿಗೆ ಸಕ್ಕರೆ ಕಾಯಿಲೆ. ರಕ್ತ ತಪಾಸಣೆಯ ದಿನ ಹತ್ತಿರ ಬಂತೆಂದರೆ ಅನ್ನ ಬಂದ್, ಚಹಾಕ್ಕೆ ಸಕ್ಕರೆ ಬಂದ್. ತಾಟಿನಲ್ಲಿ ಜೋಳದ ರೊಟ್ಟಿ, ಮೆಂತ್ಯೆಪಲ್ಯ, ಮುಖದಲ್ಲಿ ವೈರಾಗ್ಯ. ಸಿಂಧನೂರಿನಲ್ಲಿ ರಕ್ತ ಕೊಟ್ಟು, ಚೀಟಿಯಲ್ಲಿ ಒಳ್ಳೆಯ ಅಂಕಿ ಕಂಡೊಡನೆ ನೇರವಾಗಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನಡೆದು ಒಗ್ಗರಣಿ-ಮಿರ್ಚಿ ತರಿಸುತ್ತಾರೆ. ಎಣ್ಣೆಯಲ್ಲಿ ಮಿಂದ ಮಂಡಕ್ಕಿ, ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ. ನಮ್ಮ ಕಡೆ ಬೆಳಗಾಗುವುದೇ ಇದರಿಂದ.

“ಪಾಸಾದ ಮ್ಯಾಗ ಮಂದಿ ಸಿಹಿ ತಿಂತಾರ. ನಾ ಖಾರ ತಿನ್ನಾಕತ್ತೀನಿ, ಸುಮ್ನಿರು,” ಎಂದು ನನ್ನನ್ನೇ ಗದರುತ್ತಾರೆ.

ಅನ್ನ ಕಡಿಮೆ ಮಾಡಿ, ಬದಲಿಗೆ ರೊಟ್ಟಿ ತಿನ್ನಿ ಎಂದು ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ಮಾವ ವರ್ಷವಿಡೀ ತಪ್ಪದೆ ಪಾಲಿಸುತ್ತಾರೆ. ಎರಡು ರೊಟ್ಟಿ ತಿನ್ನುತ್ತಾರೆ. ಆಮೇಲೆ, ಎಂದಿನಷ್ಟೇ ಅನ್ನ!

“ಅನ್ನ ಬಿಡ್ರಿ ಅಂದಾರಲ್ರೀ ಡಾಕ್ಟ್ರು,” ಎನ್ನುತ್ತಾರೆ ಅತ್ತೆ.

“ಊರಿಗೆಲ್ಲ ಭತ್ತ ಬೆಳದು ಕೊಡಾಂವ ನಾ. ನಾನ ತಿನ್ನಲಿಲ್ಲಂದ್ರ ಮಂದಿಗೆ ಡೌಟು ಬರಂಗಿಲ್ಲೇನು, ಏನು ಔಷಧಿ ಹೊಡದಾನೋ ಏನೋ ಅಂತ?”

“ಮಂದಿ ನಿಮ್ಮ ತಾಟಿನಾಗ ಇಣಕಾಕ ಬರ್ತಾರೇನು?”

ಮಾವ ಗೋಣಷ್ಟೇ ಅಲ್ಲಾಡಿಸುತ್ತಾರೆ. ಬಾಯಿ ತುಂಬ ಅನ್ನವಿರುತ್ತದೆ.

ವಾಕಿಂಗ್ ಮಾತ್ರ ದಿನಾ ಉಂಟು. ಬೆಳಿಗ್ಗೆ ಕಾಲುವೆಯ ದಂಡೆ ಹಿಡಿದು, ದಂಡಯಾತ್ರೆಗೆ ಹೊರಟವರಂತೆ ಕೈ ಬೀಸುತ್ತ ಹೋಗುತ್ತಾರೆ. ದಂಡೆ ಮುಗಿಯುವಲ್ಲಿ ಒಂದು ಹೋಟೆಲಿದೆ ಎಂಬುದನ್ನು ಅವರು ನಮಗೆ ಎಂದೂ ಹೇಳಿದವರಲ್ಲ. ಒಂದು ದಿನ ಮರಳಿ ಬಂದಾಗ ಮೀಸೆಯಲ್ಲಿ ಒಂದು ಮಂಡಕ್ಕಿ! ಅತ್ತೆ ಅದನ್ನು ಬಿಡಿಸಿ ಅಂಗೈಯಲ್ಲಿಟ್ಟು ತೋರಿಸಿದರು.

“ಗಾಳಿಗೆ ಹಾರಿ ಬಂದೈತಿ ಬೇ,” ಎಂದರು ಮಾವ.

ಕಳೆದ ಸಲ ಡಾಕ್ಟರು ಬೇರೊಂದು ತಪಾಸಣೆ ಮಾಡಿಸಿದರು. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸುದ್ದಿಯನ್ನೆಲ್ಲ ರಕ್ತದಿಂದ ಹೊರಗೆಳೆಯುವಂಥದು. ಮಾವ ಫೇಲಾದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಡಿಮಿಡಿ.

“ಇದು ಅನ್ಯಾಯ! ಮೊದ್ಲ ಹೇಳಬೇಕಿಲ್ಲೋ? ಅಷ್ಟು ಹಿಂದಿಂದೆಲ್ಲ ಕೆದರಿದ್ರ ಯಾವ ಮನಷ್ಯಾ ಪಾಸಾಗ್ತಾನ?”

ಮರುದಿನ ವಾಕಿಂಗಿನಿಂದ ಬಂದವರ ಒಂದೇ ಕಾಲಿನಲ್ಲಿ ಚಪ್ಪಲಿಯಿತ್ತು.

“ಇನ್ನೊಂದನ್ನ ಮಿರ್ಚಿ ಜೋಡಿ ತಿಂದು ಬಂದ್ರೇನು?” ಎಂದರು ಅತ್ತೆ.

ನಾವಿಬ್ಬರೂ ನಕ್ಕೆವು. ಮಾವ ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಚಪ್ಪಲಿ ಕಳಚಿ ಬಿದ್ದದ್ದು ಅವರಿಗೂ ಆಗಲೇ ಗೊತ್ತಾದದ್ದು. ಕಟ್ಟೆಯ ಮೇಲೆ ಕೂರಿಸಿ ಪಾದ ಎತ್ತಿದೆ. ಹಿಮ್ಮಡಿಯಲ್ಲಿ ಬುಡದತನಕ ಇಳಿದ ಜಾಲಿಮುಳ್ಳು. ಅದರ ಮೇಲೇ ಊರಿಕೊಂಡು ಅಷ್ಟು ದೂರ ನಡೆದು ಬಂದಿದ್ದರು. ಕಿತ್ತೆ. ಮಾವ ಮುಖ ಕೂಡ ಕಿವುಚಲಿಲ್ಲ. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು.

“ತಗದೇನವ್ವಾ?”

“ತಗದೆ ಮಾವಾ.”

“ನನಗ ಗೊತ್ತಾಗಲಿಲ್ಲ ನೋಡು.”

ಅತ್ತೆಯ ನಗು ಅಲ್ಲಿಗೇ ನಿಂತಿತು.

ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿದರು. ಕಾಲಿನ ಸ್ಪರ್ಶ ಕಡಿಮೆಯಾಗಿದೆ, ದಿನವೂ ಪಾದ ನೋಡಿಕೊಳ್ಳಬೇಕು, ಸಕ್ಕರೆ ಹೀಗೇ ಇದ್ದರೆ ಕಾಲೇ ಹೋದೀತು ಎಂದರು. ಆ ದಿನ ಮಾವ ಬಸ್‌ಸ್ಟ್ಯಾಂಡಿನ ಹೋಟೆಲಿನತ್ತ ತಿರುಗಿ ಕೂಡ ನೋಡಲಿಲ್ಲ. ಮನೆಯಲ್ಲಿ ಅತ್ತೆ ಬಡಿಸುವ ಮೊದಲೇ ಅನ್ನದ ಪಾತ್ರೆಯನ್ನು ದೂರ ಸರಿಸಿದರು. ಈಗ ಮೂರು ದಿನ ದಾಟಿ ಎಷ್ಟೋ ದಿನಗಳಾದವು. ಅತ್ತೆ ಒಮ್ಮೆಯೂ ಛೇಡಿಸಿಲ್ಲ.

ಗಾಯ ಮಾಗಿದ ಮೇಲೆ ವಾಕಿಂಗ್ ಮತ್ತೆ ಶುರುವಾಯಿತು. ಈಗ ನಾನೂ ಜೊತೆಗೆ ಹೋಗುತ್ತೇನೆ. ಮೊದಲ ದಿನ ದಂಡೆಯ ಕೊನೆಯಲ್ಲಿ ಹೋಟೆಲಿನವನು ಕೂಗಿದ: “ಯಜಮಾನ್ರ, ಎಲ್ಲಿ ಮಾಯ ಆಗಿದ್ರಿ? ಬರ್ರೀ, ಬಿಸಿ ಮಿರ್ಚಿ ಅದಾವ!”

ಮಾವ ನಿಂತರು. ಬಾಣಲೆಯತ್ತ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದು ಮೆಲ್ಲಗೆ ಕೇಳಿದರು:

“ಎರಡೂ ಚಪ್ಪಲಿ ಅದಾವೇನವ್ವಾ?”

“ಅದಾವ ಮಾವಾ.”

“ಹಂಗಾರ ನಡಿ, ಮನಿಗಿ ಹೋಗೂಣು.”